ಕರೆಂಟು ಹೋದಾಗ ಗಿಟಾರ್ ಯಾಕೆ ಕೆಳಗಿಡಬೇಕು?

ಪ್ರಶ್ನೆ: ನನಗೀಗ 38 ವರ್ಷ. ಊರು ಮಳವಳ್ಳಿ ತಾಲ್ಲೂಕು, ಕೆಲಸ ಮದ್ದೂರಿನಲ್ಲಿ, ವಾಸವೂ ಅಲ್ಲೇ. ಕಾಲೇಜು ದಿನಗಳಲ್ಲಿ ಆಸೆಪಟ್ಟು ಬಿಟ್ಟಿದ್ದ ಗಿಟಾರನ್ನು ಮೂರು ವರ್ಷದಿಂದ ಮತ್ತೆ ಕಲಿಯುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಟ್ರೈನು ಹತ್ತಿ ಮಂಡ್ಯಕ್ಕೆ ಹೋಗಿ ಮೇಷ್ಟ್ರ ಹತ್ತಿರ ಪಾಠ, ಉಳಿದ ದಿನ ರಾತ್ರಿ ಊಟ ಆದಮೇಲೆ ಒಂದು ಗಂಟೆ ಮನೆಯಲ್ಲಿ ಅಭ್ಯಾಸ. ಒಬ್ಬನೇ ನುಡಿಸಿ ನುಡಿಸಿ ಬೇಜಾರಾಗಿ ಕಳೆದ ವರ್ಷ ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಬ್ಯಾಂಡ್ ಪೆಡಲ್ ತಗೊಂಡೆ. ಒಂದು ಸಲ ಕಾರ್ಡ್ಸ್ ನುಡಿಸಿ ತೋರಿಸಿದರೆ ಸಾಕು, ತಾನೇ ಡ್ರಮ್ಸು, ಬೇಸು ಹಾಕಿಕೊಂಡು ಜೊತೆಗೆ ಬರುತ್ತದೆ. ಅದು ಬಂದಮೇಲೆ ಒಂದು ದಿನವೂ ಅಭ್ಯಾಸ ತಪ್ಪಿಲ್ಲ. ಕರೆಂಟು ಹೋದರೆ ಮಾತ್ರ ಗಿಟಾರ್ ಕೆಳಗಿಟ್ಟು ಎದ್ದುಬಿಡುತ್ತೇನೆ.

ಈ ಸಲ ಊರಿನ ಗಣೇಶನ ಕಾರ್ಯಕ್ರಮದಲ್ಲಿ ಅಕ್ಕನ ಮಗಳು ‘ಮೈಸೂರ ಮಲ್ಲಿಗೆ’ಯ ಒಂದು ಹಾಡು ಹಾಡಿದಳು. ಗಿಟಾರ್ ನಾನು, ಢೋಲಕ್ ಊರಿನವರೇ ಒಬ್ಬ ಹಿರಿಯರು. ಮನೆಯಲ್ಲಿ ಪೆಡಲ್ ಜೊತೆ ನೂರು ಸಲ ನುಡಿಸಿದ್ದ ಹಾಡು. ಮೊದಲ ಚರಣಕ್ಕೇ ಎಲ್ಲ ಕಲಸಿಹೋಯಿತು. ಆಣೆ ಮಾಡಿ ಹೇಳುತ್ತೇನೆ, ನಾನು ತಾಳ ಬಿಡಲಿಲ್ಲ, ಅವರೇ ನಿಧಾನ ಮಾಡಿದರು. ಢೋಲಕ್‌ನವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಹುಡುಗಿ ಉಳಿದದ್ದನ್ನು ಒಬ್ಬಳೇ ಹಾಡಿ ಮುಗಿಸಿದಳು. ಮೇಷ್ಟ್ರಿಗೆ ಹೇಳಿದರೆ, ‘ಆ ಊರುಗೋಲು ಮೊದಲು ಬಿಸಾಕು’ ಅಂದರು. ಮನೆಯವಳು, ‘ಆ ಡಬ್ಬ ಇಲ್ದೆ ನಿಮ್ ಕೈ ಓಡಲ್ವಾ?’ ಅನ್ನುತ್ತಾಳೆ. ಪೆಡಲ್ ಮಾರಿಬಿಡಲೇ? ಗಿಟಾರನ್ನೂ ಜೊತೆಗೇ ಮಾರುವ ಮನಸ್ಸಾಗಿದೆ.

ಹೆಸರು ಬೇಡ, ಮದ್ದೂರು

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಎರಡೇ ವಾಕ್ಯ. ‘ನಾನು ತಾಳ ಬಿಡಲಿಲ್ಲ, ಅವರೇ ನಿಧಾನ ಮಾಡಿದರು’ ಅನ್ನುವುದು ಒಂದು. ಕರೆಂಟು ಹೋದರೆ ಗಿಟಾರ್ ಕೆಳಗಿಡುತ್ತೇನೆ ಅನ್ನುವುದು ಇನ್ನೊಂದು. ಎರಡನೆಯದನ್ನು ನೀವು ಮಾತಿಗೆ ಮಾತು ಬಂತು ಅನ್ನುವ ಹಾಗೆ ಬರೆದುಬಿಟ್ಟಿದ್ದೀರಿ. ಮಾರುವುದು, ಬಿಸಾಕುವುದು ಆಮೇಲೆ ನೋಡೋಣ, ಮೊದಲು ಆ ರಾತ್ರಿ ಪೆಂಡಾಲಿನಲ್ಲಿ ನಡೆದದ್ದೇನು ಅನ್ನುವುದು ಬಗೆಹರಿಯಲಿ.

ನೀವು ಆಣೆ ಮಾಡಬೇಕಾಗಿಲ್ಲ, ನಂಬುತ್ತೇನೆ. ನೀವು ತಾಳ ಬಿಟ್ಟಿರಲಿಕ್ಕಿಲ್ಲ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ‘ಮೈಸೂರ ಮಲ್ಲಿಗೆ’ ತಂದದ್ದು 1942ರಲ್ಲಿ. ಅಂದಿನಿಂದ ಇಂದಿನವರೆಗೆ ಅದರ ಹಾಡುಗಳನ್ನು ನಮ್ಮ ಜಿಲ್ಲೆಯಲ್ಲಿ ಹಾಡದ ಮನೆ ಕಡಿಮೆ, ಮತ್ತು ಯಾರೂ ಅವನ್ನು ಗಡಿಯಾರ ಇಟ್ಟುಕೊಂಡು ಹಾಡುವುದಿಲ್ಲ. ಪಲ್ಲವಿಯ ಕೊನೆಯ ಅಕ್ಷರವನ್ನು ಹಾಡುವವರು ಕೊಂಚ ಎಳೆಯುತ್ತಾರೆ. ಚರಣ ಎತ್ತಿಕೊಳ್ಳುವ ಮುಂಚೆ ಒಂದು ಉಸಿರು ತೆಗೆದುಕೊಳ್ಳುತ್ತಾರೆ. ಸುಗಮ ಸಂಗೀತದ ಜೀವ ಇರುವುದೇ ಅಲ್ಲಿ. ಢೋಲಕ್‌ನವರಿಗೆ ಅದು ಗೊತ್ತು, ಅವರು ಕಾದರು. ನೀವು ಕಾಯಲಿಲ್ಲ, ಮುಂದಿನ ಕಾರ್ಡಿಗೆ ಹೋಗಿಬಿಟ್ಟಿರಿ. ಅವರು ನಿಮ್ಮ ಮುಖ ನೋಡಿದರು ಅಂತ ಬರೆದಿದ್ದೀರಲ್ಲ, ಆ ಹೊತ್ತಿಗೆ ನೀವು ಎಲ್ಲಿ ನೋಡುತ್ತಿದ್ದಿರಿ? ನನ್ನ ಅಂದಾಜು, ಎಡಗೈ ಬೆರಳು ಕೂತ ಫ್ರೆಟ್ಟನ್ನೋ ಕಾಲ ಬುಡವನ್ನೋ. ವರ್ಷವಿಡೀ ನಿಮ್ಮ ಜೊತೆಗಾರ ಇದ್ದದ್ದು ಅಲ್ಲೇ, ನೆಲದ ಮೇಲೆ.

ಈ ಪೆಡಲ್‌ಗಳು ಕೆಲಸ ಮಾಡುವ ಬಗೆ ನಿಮಗೆ ಗೊತ್ತಿದ್ದರೂ ಬೇರೆ ಓದುಗರಿಗಾಗಿ ಎರಡು ಮಾತು. ಈ ಜಾತಿಯಲ್ಲಿ ಹೆಸರಾದದ್ದು ಡಿಜಿಟೆಕ್ ಕಂಪನಿಯ ಟ್ರಯೋ, 2015ರಲ್ಲಿ ಬಂತು. ಮರುವರ್ಷ, ನುಡಿಸಿದ್ದನ್ನೇ ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ ಲೂಪರನ್ನೂ ಸೇರಿಸಿ ಟ್ರಯೋ ಪ್ಲಸ್ ಬಂತು. ಗಿಟಾರ್ ವೈರನ್ನು ಚುಚ್ಚಿ, ಕಾಲಲ್ಲಿ ಸ್ವಿಚ್ ಒತ್ತಿ, ಒಂದು ಸುತ್ತು ಕಾರ್ಡುಗಳನ್ನು ನೇರವಾಗಿ ಸ್ಟ್ರಮ್ ಮಾಡಬೇಕು. ಸುತ್ತು ಮುಗಿದು ಮತ್ತೆ ‘ಒಂದು’ ಎಲ್ಲಿ ಬೀಳಬೇಕೋ ಸರಿಯಾಗಿ ಅಲ್ಲಿ ಇನ್ನೊಂದು ಸಲ ಒತ್ತಬೇಕು. ಅಷ್ಟರಲ್ಲಿ ಅದು ನಿಮ್ಮ ವೇಗ ಯಾವುದು, ಯಾವ ಕಾರ್ಡ್ ಆದಮೇಲೆ ಯಾವುದು ಅಂತ ಹಿಡಿದುಕೊಂಡು, ನೀವು ಆರಿಸಿದ ಶೈಲಿಗೆ ತಕ್ಕ ಬೇಸು, ಡ್ರಮ್ಸು ಕಟ್ಟಿಕೊಡುತ್ತದೆ. ಕಾಲೊತ್ತುವುದು ಅರೆಗಳಿಗೆ ತಡವಾದರೆ ಲೆಕ್ಕವೇ ಬೇರೆಯಾಗಬಹುದು. ಬರೀ ಲೂಪರ್ ಆದರಂತೂ ಪ್ರತಿ ಸುತ್ತಿನ ಕೊನೆಯಲ್ಲೂ ಹಾಡು ಕುಂಟುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಅದು ನಿಮ್ಮನ್ನು ಕೇಳಿಸಿಕೊಳ್ಳುವುದು ಆ ಒಂದು ಸುತ್ತು ಮಾತ್ರ. ಆಮೇಲೆ ಅದರ ಕಿವಿ ಮುಚ್ಚಿತು. ನೀವು ತಪ್ಪು ಕಾರ್ಡ್ ಹಿಡಿದರೂ, ನಡುವೆ ಎದ್ದು ನೀರು ಕುಡಿದು ಬಂದರೂ, ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ವೇಗದಲ್ಲೇ ಒಪ್ಪಿಸುತ್ತ ಕೂತಿರುತ್ತದೆ. ವರ್ಷವಿಡೀ ಇಂಥವರ ಜೊತೆ ಒಡನಾಡಿದರೆ ನಮಗೂ ಅದೇ ಚಾಳಿ ಬರುತ್ತದೆ. ನಿಮಗೆ ಬಂದಿದೆ.

ಹಾಗಾದರೆ ಮೇಷ್ಟ್ರು ಹೇಳಿದ್ದೇ ಸರಿ, ಬಿಸಾಕಿಬಿಡಿ ಅನ್ನಬೇಕು ನಾನು. ಅನ್ನುವುದಿಲ್ಲ. ಅದಕ್ಕೆ ನನ್ನದೇ ಒಂದು ಹಳೇ ಕಥೆ ಕಾರಣ.

1987ರಲ್ಲಿ ‘ಪ್ರೇಮಲೋಕ’ ಬಂದಮೇಲೆ ನಮ್ಮ ಕಡೆಯ ಆರ್ಕೆಸ್ಟ್ರಾಗಳಿಗೆಲ್ಲ ಗಿಟಾರ್ ಹಿಡಿದವನೊಬ್ಬ ವೇದಿಕೆ ಮೇಲೆ ನಿಂತಿರಲೇಬೇಕಾಯಿತು. ಹಾಗೆ ನಿಂತವರಲ್ಲಿ ನಾನೂ ಒಬ್ಬ. ಮೂರು ವರ್ಷ ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ಆರತಕ್ಷತೆ ಅಂತ ಮಂಡ್ಯ ಸುತ್ತಮುತ್ತ ಸ್ಟ್ರಮ್ ಮಾಡಿದೆ. ನನ್ನ ತಾಳ ಗಟ್ಟಿ ಅಂತ ನನಗೆ ಭಾರೀ ನಂಬಿಕೆ. ಒಂದು ರಾತ್ರಿ ಕಾರ್ಯಕ್ರಮ ಮುಗಿಸಿ ಸ್ಪೀಕರ್ ಬಾಕ್ಸುಗಳ ಮೇಲೆ ಕೂತು ಟೆಂಪೋದಲ್ಲಿ ವಾಪಸು ಬರುವಾಗ ನಮ್ಮ ಡ್ರಮ್ಮರ್ ಬೀಡಿ ಹಚ್ಚಿಕೊಂಡು, ‘ಇವತ್ತು ಎರಡನೇ ಇಂಟರ್‌ಲ್ಯೂಡ್‌ನಲ್ಲಿ ಒಂದು ಆವರ್ತ ನುಂಗಿಬಿಟ್ಟೆಯಲ್ಲಪ್ಪ, ರೋಲ್ ಹೊಡೆದು ಮುಚ್ಚಿದೆ’ ಅಂದ. ನಾನು ನುಂಗಿದ್ದು ನನಗೇ ಗೊತ್ತಿರಲಿಲ್ಲ. ಕೆದಕಿ ಕೇಳಿದರೆ, ವಾರಕ್ಕೆ ಎರಡು ಸಲ ನುಂಗುತ್ತಿದ್ದೆನಂತೆ. ಮೂರು ವರ್ಷ ಅವನು ಹೇಳಿರಲಿಲ್ಲ, ಮುಚ್ಚುತ್ತಲೇ ಬಂದಿದ್ದ.

ಮನುಷ್ಯರ ಹಿಮ್ಮೇಳದ ಗುಣವೂ ಅದೇ, ದೋಷವೂ ಅದೇ. ನಮ್ಮನ್ನು ಕಾಪಾಡುತ್ತಾರೆ, ಕಾಪಾಡುತ್ತಲೇ ನಮ್ಮ ತಪ್ಪನ್ನು ನಮ್ಮಿಂದ ಬಚ್ಚಿಡುತ್ತಾರೆ. ಪೆಡಲ್ ಆ ದಯೆ ತೋರಿಸುವುದಿಲ್ಲ. ನೀವು ಒಂದು ಆವರ್ತ ನುಂಗಿದರೆ ಅದು ಜಿ ಕಾರ್ಡಿನ ಬೇಸು ಹಿಡಿದು ನಿಂತಿರುತ್ತದೆ, ನೀವು ಸಿ ನುಡಿಸುತ್ತ ಪೆದ್ದುಪೆದ್ದಾಗಿ ಕೇಳಿಸುತ್ತೀರಿ. ಇಂಥ ಒಂದು ಡಬ್ಬ ಆಗ ನನ್ನ ಮನೆಯಲ್ಲಿದ್ದಿದ್ದರೆ ಆ ಮೂರು ವರ್ಷದ ಮರ್ಯಾದೆ ಉಳಿಯುತ್ತಿತ್ತು.

ಯಂತ್ರದ ಮೇಲೆ ಮೇಷ್ಟ್ರುಗಳಿಗೆ ಸಿಟ್ಟು ಬರುವುದು ಹೊಸದೇನೂ ಅಲ್ಲ. ಮೇಲ್ಸೆಲ್ ಅನ್ನುವವನು ತಾಳ ಎಣಿಸುವ ಯಂತ್ರ ಮೆಟ್ರೊನೋಮಿಗೆ ಪೇಟೆಂಟ್ ಮಾಡಿಸಿದ್ದು 1815ರಲ್ಲಿ. ಅದು ಸಂಗೀತದ ಜೀವ ಹಿಂಡುತ್ತದೆ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನಮ್ಮಲ್ಲೇ ನೋಡಿ. ಬೆಂಗಳೂರಿನಲ್ಲಿ ರೇಡೆಲ್ ಕಂಪನಿ ಕಟ್ಟಿದ ಜಿ. ರಾಜನಾರಾಯಣ್ ಎಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. 1970ರ ದಶಕದ ಕೊನೆಯಲ್ಲಿ ಅವರು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಮಾಡಿದರು, ಆಮೇಲೆ ತಾಳದ ಪೆಟ್ಟಿಗೆಯೂ ಬಂತು. ತಂಬೂರಿಯ ಜೀವ ಡಬ್ಬಕ್ಕೆಲ್ಲಿ ಬಂತು ಅಂತ ಮೂಗು ಮುರಿದವರು ಆಗ ಬೇಕಾದಷ್ಟು ಜನ. ಇವತ್ತು ದೊಡ್ಡ ಸಭೆಗಳ ವೇದಿಕೆಯಲ್ಲೂ ವಿದ್ವಾಂಸರ ಪಕ್ಕ ಅಂಥದ್ದೊಂದು ಪೆಟ್ಟಿಗೆ ಕೂತಿರುತ್ತದೆ, ಇಲ್ಲವೇ ಮೊಬೈಲಿನಲ್ಲಿ ಆ್ಯಪ್ ಓಡುತ್ತಿರುತ್ತದೆ. ಆದರೆ ಒಂದು ವ್ಯತ್ಯಾಸ ನೋಡಿ. ಶ್ರುತಿ ಪೆಟ್ಟಿಗೆ ವೇದಿಕೆಗೆ ಬಂತು, ತಾಳದ ಪೆಟ್ಟಿಗೆ ಮನೆಯಲ್ಲೇ ಉಳಿಯಿತು. ಕಛೇರಿಗೆ ಮೃದಂಗದವರೇ ಬೇಕು. ಶ್ರುತಿ ಕದಲದೆ ಇದ್ದರೆ ಅದು ಗುಣ. ಲಯ ಹಾಗಲ್ಲ, ಅದು ಇಬ್ಬರ ನಡುವೆ ಆಡುತ್ತಿರಬೇಕು. ನಿಮ್ಮ ಪೆಡಲ್ ಎಲ್ಲಿರಬೇಕು ಅನ್ನುವುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಡ.

ನೀವು ಮಳವಳ್ಳಿ ತಾಲ್ಲೂಕಿನವರು. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠ ನಿಮ್ಮ ತಾಲ್ಲೂಕಿನದೇ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಹಾಡು ಕೇಳದೆ ನೀವು ಬೆಳೆದಿರಲಾರಿರಿ. ಹಳ್ಳಿಯಲ್ಲಿ ರಾತ್ರಿ ಕೂತು ಕೇಳಿರದಿದ್ದರೆ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟಿನಲ್ಲಾದರೂ ಕೇಳಿರುತ್ತೀರಿ. ಮುಂದಿನ ಸಲ ಕೇಳುವಾಗ ಕಥೆಯನ್ನು ಬಿಟ್ಟು ಹಿಮ್ಮೇಳದವರ ಮೇಲೆ ಕಿವಿ ಇಡಿ. ಮುಂದಾಳು ಒಂದು ಕೈಲಿ ತಂಬೂರಿ, ಇನ್ನೊಂದು ಕೈಲಿ ಗಗ್ಗರ ಹಿಡಿದು ಸೊಲ್ಲೆತ್ತುತ್ತಾನೆ. ಸಾಲು ಮುಗಿಯುವ ಮುಂಚೆಯೇ ಅದರ ಬಾಲ ಹಿಡಿದು ಜೊತೆಯವರು ಎತ್ತಿಕೊಳ್ಳುತ್ತಾರೆ. ಅವನು ಹಾಡು ಬಿಟ್ಟು ಮಾತಿಗಿಳಿದರೆ ಜೊತೆಯವರ ದಕ್ಕಿಯ ಸದ್ದು ತಗ್ಗುತ್ತದೆ, ‘ಹ್ಞೂಂ’ಗುಟ್ಟುತ್ತ ಕಾಯುತ್ತಾರೆ. ಎಷ್ಟು ಹೊತ್ತು ಮಾತಾಡುತ್ತಾನೆ ಅಂತ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಅವನು ಉಸಿರೆಳೆದುಕೊಳ್ಳುವ ರೀತಿಯಲ್ಲೇ ಹಾಡು ಶುರುವಾಗುವುದು ಅವರಿಗೆ ತಿಳಿಯುತ್ತದೆ. ನಿಮ್ಮ ಊರಿನ ಢೋಲಕ್ ಹಿರಿಯರು ಈ ನೀರು ಕುಡಿದು ಬೆಳೆದವರು. ಆ ರಾತ್ರಿ ಅವರು ಕೈ ನಿಲ್ಲಿಸಿದ್ದು ನಿಮ್ಮನ್ನು ಅವಮಾನ ಮಾಡಲು ಅಂತ ನಿಮಗನ್ನಿಸಿರಬಹುದು. ಅವರು ದಾರಿ ಬಿಟ್ಟು ನಿಂತರು, ಅಷ್ಟೇ. ನೀವು ತಲೆ ಎತ್ತಿದ್ದರೆ ಗಲ್ಲ ಆಡಿಸಿ ಒಳಕ್ಕೆ ಕರೆದುಕೊಳ್ಳುತ್ತಿದ್ದರು.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ.

ಪೆಡಲಿನ ಮೇಲೆ ಬೇಸಿಗೊಂದು, ಡ್ರಮ್ಸಿಗೊಂದು ಬೇರೆಬೇರೆ ತಿರುಗುಣಿ ಇರುತ್ತವೆ. ಬಹಳ ಜನ ಅವನ್ನು ಒಂದು ಸಲ ಸರಿಮಾಡಿ ಮತ್ತೆ ಮುಟ್ಟುವುದೇ ಇಲ್ಲ. ನಿಮ್ಮ ಔಷಧಿ ಇರುವುದು ಅಲ್ಲೇ. ಈ ವಾರ ಬೇಸನ್ನು ಪೂರ್ತಿ ಇಳಿಸಿ, ಬರೀ ಡ್ರಮ್ಸ್ ಇಟ್ಟುಕೊಂಡು ನುಡಿಸಿ. ಅದು ಸುಲಭ. ಮುಂದಿನ ವಾರ ಡ್ರಮ್ಸ್ ಇಳಿಸಿ, ಬೇಸು ಮಾತ್ರ ಇಡಿ. ಇದು ಸುಲಭವಲ್ಲ, ಮೊದಲ ದಿನ ಬಾವಿಗಿಳಿದ ಹಾಗಾಗುತ್ತದೆ. ತಾಳ ಎಲ್ಲಿದೆ ಅಂತ ನೀವೇ ಹುಡುಕಿಕೊಳ್ಳಬೇಕು. ಅದಾದಮೇಲೆ ಎರಡೂ ಓಡುತ್ತಿರುವಾಗ ಒಂದು ಕೈ ಬಿಟ್ಟು ಡ್ರಮ್ಸನ್ನೂ ಬೇಸನ್ನೂ ಸೊನ್ನೆಗೆ ತನ್ನಿ, ನಾಲ್ಕು ಆವರ್ತ ನಿಮ್ಮಷ್ಟಕ್ಕೆ ನುಡಿಸಿ ಮತ್ತೆ ಏರಿಸಿ. ಇದಕ್ಕೆ ಮಗನೋ ಮಗಳೋ ಇದ್ದರೆ ಪಕ್ಕ ಕೂರಿಸಿಕೊಳ್ಳಿ, ತಿರುಗುಣಿ ತಿರುಗಿಸುವುದೆಂದರೆ ಮಕ್ಕಳಿಗೆ ಹಬ್ಬ. ಏರಿಸಿದ ಕ್ಷಣ ನೀವೂ ಪೆಡಲೂ ಒಂದೇ ಜಾಗದಲ್ಲಿದ್ದರೆ ತಾಳ ನಿಮ್ಮ ಮೈಯೊಳಗಿದೆ ಅಂತ ಲೆಕ್ಕ. ಇಲ್ಲದಿದ್ದರೆ ಇಷ್ಟು ದಿನ ಅದು ಡಬ್ಬದೊಳಗಿತ್ತು. ಮೊದಮೊದಲು ನೀವು ಮುಂದೆ ಓಡಿರುತ್ತೀರಿ. ಹಿಂದೆ ಬೀಳುವವರನ್ನು ನಾನು ನೋಡಿದ್ದು ಕಡಿಮೆ.

ಇನ್ನೊಂದು, ನೀವು ಪತ್ರದಲ್ಲಿ ಹೇಳದೆ ಇದ್ದದ್ದು. ಪೆಡಲ್ ತಾಳದ ತಪ್ಪನ್ನು ಎತ್ತಿ ತೋರಿಸುತ್ತದೆ, ಕೈಯ ತಪ್ಪನ್ನು ಮಾತ್ರ ಮುಚ್ಚುತ್ತದೆ. ಎಫ್ ಬಾರ್ ಕಾರ್ಡಿನಲ್ಲಿ ಒಂದು ತಂತಿ ಜುಂಯ್‌ಗುಟ್ಟುತ್ತಿದ್ದರೂ, ಕಾರ್ಡ್ ಬದಲಿಸುವಾಗ ಅರ್ಧ ಮಾತ್ರೆ ಖಾಲಿ ಬಿಟ್ಟರೂ, ಬೇಸು ಡ್ರಮ್ಸಿನ ಗದ್ದಲದಲ್ಲಿ ಕೇಳಿಸುವುದಿಲ್ಲ. ಕರೆಂಟು ಹೋದಾಗ ನೀವು ಎದ್ದುಬಿಡುವುದಕ್ಕೆ ಇದೇ ಕಾರಣ ಇರಬಹುದೇ, ಯೋಚಿಸಿ. ಕತ್ತಲಲ್ಲಿ ಬರೀ ಗಿಟಾರಿನ ಸದ್ದು ಕೇಳಿದಾಗ ಇದು ನಾನೇನಾ ಅನ್ನಿಸುತ್ತದೆ, ಯಾರಿಗೂ ಅದು ಹಿತವಲ್ಲ. ಪೆಡಲ್ಲು, ಆಂಪು ಎರಡೂ ಪ್ಲಗ್ಗಿನ ಮೇಲೆ ಬದುಕುವಂಥವು, ಗಿಟಾರ್ ಹಾಗಲ್ಲ. ನಮ್ಮ ಕಡೆ ಕರೆಂಟು ಹೋಗುವುದಕ್ಕೇನೂ ಬರವಿಲ್ಲ. ಇನ್ನು ಮೇಲೆ ಆ ಹೊತ್ತನ್ನು ಹಾಳುಮಾಡಬೇಡಿ. ಗಿಟಾರ್ ಕೈಲೇ ಇರಲಿ, ಫೋನನ್ನು ಮೊಣಕಾಲ ಹತ್ತಿರ ಇಟ್ಟು ಒಂದು ಹಾಡು ರೆಕಾರ್ಡ್ ಮಾಡಿ. ಆಗಲೇ ಕೇಳಬೇಡಿ, ಮನಸ್ಸು ಕೆಡುತ್ತದೆ. ಬೆಳಿಗ್ಗೆ ಕಾಫಿ ಕುಡಿಯುತ್ತ ಕೇಳಿ.

ಶೈಲಿಯ ವಿಷಯಕ್ಕೂ ಒಂದು ಮಾತು. ಈ ಪೆಡಲ್ ಮಾಡಿದವರ ತಲೆಯಲ್ಲಿ ಇದ್ದದ್ದು ಬ್ಲೂಸ್, ರಾಕ್, ಪಾಪ್, ಜಾಝ್, ಕಂಟ್ರಿ. ನಮ್ಮ ಕಹರವಾ, ದಾದ್ರಾ ಅದಕ್ಕೆ ಗೊತ್ತಿಲ್ಲ. ಕಹರವಾದ ಹಾಡುಗಳಿಗೆ ಕಂಟ್ರಿ ಶೈಲಿ ಅಷ್ಟಿಷ್ಟು ಒಗ್ಗುತ್ತದೆ, ಅದರ ಬೇಸು ಎರಡು ಕಾಲಲ್ಲಿ ನಡೆದ ಹಾಗೆ ಸಾ ಪಾ ಸಾ ಪಾ ಅಂತ ಹೋಗುತ್ತದೆ. ದಾದ್ರಾ ಹಾಡಿಗೆ ಮೂರರ ಎಣಿಕೆ ಇರುವ ಶೈಲಿಯೊಂದನ್ನು ಹುಡುಕಿಕೊಳ್ಳಬೇಕು. ನಾಲ್ಕರ ಡ್ರಮ್ಸಿನ ಮೇಲೆ ದಾದ್ರಾ ಹಾಡನ್ನು ಕೂರಿಸಲು ಹೋದರೆ ಅಳತೆ ತಪ್ಪಿದ ಅಂಗಿ ತೊಟ್ಟ ಹಾಗೆ. ಖಂಡ ಚಾಪು, ಮಿಶ್ರ ಚಾಪು ಅಂದರೆ ಐದರ, ಏಳರ ಲೆಕ್ಕ. ಅಲ್ಲಿ ಪೆಡಲನ್ನು ಆಫ್ ಮಾಡಿ ತೊಡೆ ತಟ್ಟಿಕೊಳ್ಳಿ. ಹಾಗೆಯೇ, ಬೇಸು ಡ್ರಮ್ಸನ್ನೆಲ್ಲ ಚಿಕ್ಕ ಗಿಟಾರ್ ಆಂಪಿಗೇ ಬಿಡುತ್ತಿದ್ದರೆ ಬಿಡಬೇಡಿ. ಅದರ ಸ್ಪೀಕರ್ ಮಾಡಿರುವುದು ಗಿಟಾರಿಗೆ. ಡ್ರಮ್ಸು ಎಣ್ಣೆ ಡಬ್ಬ ಬಡಿದ ಹಾಗೆ, ಬೇಸು ಇದೆಯೋ ಇಲ್ಲವೋ ಅನ್ನುವ ಹಾಗೆ ಕೇಳುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ, ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಕೀಬೋರ್ಡ್ ಆಂಪೋ, ಮನೆಯ ಹಾಡು ಕೇಳುವ ಸ್ಪೀಕರೋ ಇದ್ದರೆ ಹಿಮ್ಮೇಳವನ್ನು ಅದಕ್ಕೆ ಕೊಡಿ. ಕಡಿಮೆ ಸದ್ದಿನಲ್ಲೇ ಸ್ಪಷ್ಟವಾಗಿ ಕೇಳುತ್ತದೆ.

ಇಷ್ಟನ್ನೂ ಮಾಡಿದರೂ ಆ ರಾತ್ರಿಯ ತಪ್ಪು ತಿದ್ದಿದ ಹಾಗಾಗುವುದಿಲ್ಲ, ಯಾಕೆಂದರೆ ಅದು ಕಾಯಲಾಗದ ತಪ್ಪು. ಅದಕ್ಕೆ ಮನುಷ್ಯರೇ ಬೇಕು. ಮದ್ದೂರಿನಲ್ಲಿ ರಾತ್ರಿ ಒಂಬತ್ತಕ್ಕೆ ಬೇಸ್ ಗಿಟಾರಿನವರನ್ನು ಎಲ್ಲಿಂದ ತರಲಿ ಅನ್ನಬೇಡಿ. ನಿಮಗೆ ಬ್ಯಾಂಡ್ ಬೇಕಿಲ್ಲ, ಒಂದು ಗಂಟಲು ಸಾಕು. ಅಕ್ಕನ ಮಗಳಿಗೆ ಫೋನ್ ಮಾಡಿ. ಮೊದಲು ಆ ಮಗುವಿನ ಹತ್ತಿರ ‘ನಾನೇ ಓಡಿಬಿಟ್ಟೆ ಕಣಮ್ಮ, ನೀನು ಸರಿಯಾಗೇ ಹಾಡಿದೆ’ ಅಂತ ಒಂದು ಮಾತು ಹೇಳಿ. ಅವಳೇ ನಿಧಾನ ಮಾಡಿದಳು ಅಂತ ನೀವು ಮನೆಯವರ ಮುಂದೆ ಹೇಳಿಕೊಂಡು ಬಂದಿದ್ದರೆ ಅದು ಅವಳ ಕಿವಿಗೂ ಬಿದ್ದಿರುತ್ತದೆ. ಒಬ್ಬಳೇ ಹಾಡಿ ಮುಗಿಸಿದವಳು, ಧೈರ್ಯವಂತೆ. ಪತ್ರದಲ್ಲಿ ನಿಮ್ಮ ಅವಮಾನದ ಬಗ್ಗೆ ಬರೆದಿದ್ದೀರಿ, ಅವಳದರ ಬಗ್ಗೆ ಒಂದು ಸಾಲಿಲ್ಲ.

ಊರಿಗೆ ಹೋದಾಗ ಅವಳನ್ನು ಎದುರಿಗೆ ಕೂರಿಸಿಕೊಂಡು ಅದೇ ಹಾಡನ್ನೇ ತಗೊಳ್ಳಿ. ನೀವು ಫ್ರೆಟ್ ನೋಡಕೂಡದು, ಅವಳ ಬಾಯಿ ನೋಡಬೇಕು. ಬೇಕೆಂದೇ ಎಲ್ಲೆಲ್ಲೋ ಎಳೆಯಲು, ನಿಲ್ಲಿಸಲು ಅವಳಿಗೆ ಹೇಳಿ. ಅವಳು ಉಸಿರು ತೆಗೆದುಕೊಳ್ಳುವವರೆಗೆ ನಿಮ್ಮ ಬಲಗೈ ತಂತಿಯ ಮೇಲೆ ಸುಮ್ಮನೆ ನಿಂತಿರಲಿ. ಮೊದಲ ದಿನ ಕೈ ತಾನಾಗಿ ಹೊರಟುಬಿಡುತ್ತದೆ, ಅವಳು ನಗುತ್ತಾಳೆ, ನಗಲಿ. ಆಮೇಲೆ ಆ ಢೋಲಕ್ ಹಿರಿಯರ ಮನೆಗೆ ಹೋಗಿ. ಮದ್ದೂರಿನಿಂದ ಹೋಗುತ್ತಿದ್ದೀರಿ, ಬರಿಗೈಲಿ ಹೋಗಬೇಡಿ, ನಾಲ್ಕು ವಡೆ ಕಟ್ಟಿಸಿಕೊಳ್ಳಿ.

ಇನ್ನು ಮೇಷ್ಟ್ರು. ಅವರ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ, ಇನ್ನರ್ಧ ಬಹುಶಃ ನೀವು ಒಂದು ವರ್ಷ ಅವರಿಗೆ ಹೇಳದೆ ಇಟ್ಟುಕೊಂಡಿದ್ದರ ಬಗ್ಗೆ ಇರಬಹುದು. ಪೆಡಲ್ ಮಾರಿದೆ ಅಂತ ಸುಳ್ಳು ಹೇಳಿ ಮನೆಯಲ್ಲಿ ಕದ್ದು ನುಡಿಸಬೇಡಿ. ಬರುವ ಭಾನುವಾರ ಅದನ್ನು ಗಿಟಾರ್ ಚೀಲದ ಮುಂದಿನ ಜೇಬಿನಲ್ಲಿ ಹಾಕಿಕೊಂಡು ಟ್ರೈನ್ ಹತ್ತಿ. ಅವರಿಗೇ ಕೊಟ್ಟು ಒಂದು ಸುತ್ತು ಕಲಿಸಿಕೊಡಲು ಹೇಳಿ, ಅದು ಅವರ ಕೈ ಹಿಡಿದು ಏನು ನುಡಿಸುತ್ತದೆ ನೋಡೋಣ. ಅಡಾಪ್ಟರ್ ಮರೆಯಬೇಡಿ, ಅದಿಲ್ಲದೆ ಅದು ಇಟ್ಟಿಗೆ.